ಓಣಿಯೊಳಗಿನ ಊಟದ ಪಾಠ: ನಾಲ್ಕು ವಾರ, ಒಂದು ಒಲೆ, ಹತ್ತು ಮಂದಿ

ಹುಬ್ಬಳ್ಳಿ-ಧಾರವಾಡದ ಓಣಿಗಳಲ್ಲಿ, ಗದಗ, ಹಾವೇರಿಯ ಹಳ್ಳಿಗಳಲ್ಲಿ ಕೂಲಿಯ ಮೇಲೆ ನಡೆಯುವ ಮನೆಗಳಿಗೆ ಊಟದ ತಿಳಿವಳಿಕೆ ಹೇಳಿಕೊಡುವವರಿಗಾಗಿ ಈ ಬರಹ. ಅಂಗನವಾಡಿ ಕಾರ್ಯಕರ್ತೆಯರು, ಆಶಾ ಅಕ್ಕಂದಿರು, ಸ್ವಸಹಾಯ ಸಂಘ ನಡೆಸುವವರು ಯಾರು ಬೇಕಾದರೂ ಇದನ್ನು ಹಿಡಿದು ಪಾಠ ಮಾಡಬಹುದು.

ಗೋಡೆಗೆ ಚಿತ್ರ ಅಂಟಿಸಿ "ಹಣ್ಣು, ಹಾಲು, ಬಾದಾಮಿ ತಿನ್ನಿರಿ" ಎಂದು ಹೇಳಿ ಎದ್ದು ಬಂದರೆ ಯಾರ ಗಂಗಾಳವೂ (ಊಟದ ತಟ್ಟೆ) ಬದಲಾಗುವುದಿಲ್ಲ. ಕೇಳಿದ ಹೆಣ್ಣುಮಗಳಿಗೆ ಅದರಿಂದ ತಿಳಿಯುವುದು ತನ್ನ ಕೈಯಲ್ಲಿ ರೊಕ್ಕವಿಲ್ಲ ಎಂಬುದೊಂದೇ. ಅದು ಅವಳಿಗೆ ಮೊದಲೇ ಗೊತ್ತು. ಈ ಸೀಮೆಯ ಹಳೆಯ ಊಟ ರೊಟ್ಟಿ, ಕಾಳ ಪಲ್ಲೆ, ತಪ್ಪಲ (ಸೊಪ್ಪಿನ) ಪಲ್ಲೆ, ಹಿಂಡಿ (ಚಟ್ನಿಪುಡಿ), ಮಜ್ಜಿಗೆ. ಅದರಲ್ಲಿ ಕೊರತೆ ಬಹಳ ಕಡಿಮೆ ಇತ್ತು. ಜೋಳ ತುಟ್ಟಿಯಾಯಿತು, ರೇಷನ್ ಅಕ್ಕಿ ಮನೆಗೆ ಬಂತು, ಮುಂಜಾನೆ ಎಂಟಕ್ಕೆ ಕೂಲಿಗೆ ಹೋಗುವವಳಿಗೆ ರೊಟ್ಟಿ ಬಡಿಯಲು ಹೊತ್ತು ಸಿಗದಾಯಿತು. ಊಟ ಅನ್ನ-ಸಾರಿಗೆ ಇಳಿಯಿತು. ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ. ಅಕ್ಕಿ ಬಿಡಿ ಎಂದು ಹೇಳುವ ಅಗತ್ಯವಿಲ್ಲ. ಅದೇ ಅಕ್ಕಿಯ ಪಕ್ಕಕ್ಕೆ ಕಾಳು, ತಪ್ಪಲು, ಹಿಂಡಿಯನ್ನು ಮರಳಿ ತರುವುದಷ್ಟೇ ಈ ಪಾಠದ ಕೆಲಸ. ವಾರಕ್ಕೆ ಒಂದೇ ಬದಲಾವಣೆ.

ಪಾಠಕ್ಕೆ ಮೊದಲು ಐದಾರು ಮನೆ

ಒಂದು ವಾರ ಮುಂಚೆ ಐದಾರು ಮನೆಗೆ ಹೋಗಿ ಕೂಡಿ. "ದಿನಾ ಪಲ್ಲೆ ತಿಂತೀರೇನ್ರಿ?" ಎಂದು ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಹಾಗೆ ಕೇಳಬೇಡಿ. "ಅಕ್ಕಾ, ನಿನ್ನೆ ಮುಂಜಾನೆ ಎದ್ದ ಮ್ಯಾಲೆ ಮೊದಲ ಏನ್ ತಗೊಂಡ್ರಿ? ಆಮ್ಯಾಲೆ?" ಎಂದು ಹಿಡಿದು ರಾತ್ರಿ ಮಲಗುವ ತನಕ ಒಂದೊಂದಾಗಿ ಬನ್ನಿ. ಗಂಡ ಏನು ಉಂಡ, ಸಣ್ಣ ಕೂಸು ಏನು ಉಂಡಿತು, ತಾನು ಏನು ಉಂಡಳು, ಮೂರನ್ನೂ ಬೇರೆ ಬೇರೆ ಬರೆದುಕೊಳ್ಳಿ. ಒಂದೇ ಅಡುಗೆ ಮೂರು ಗಂಗಾಳದಲ್ಲಿ ಮೂರು ಥರ ಇರುವುದು ಇಲ್ಲಿಯೇ ಕಾಣುತ್ತದೆ. ಕೊನೆಗೆ ಕೂಡುವ ಸೊಸೆಗೆ ಉಳಿಯುವುದು ಅನ್ನ ಮತ್ತು ಮೇಲಿನ ತಿಳಿ ಸಾರು.

ಇನ್ನೆರಡು ಪ್ರಶ್ನೆ: ತಿಂಗಳಿಗೆ ಬೇಳೆ-ಕಾಳು ಎಷ್ಟು ಕೆ.ಜಿ. ತರುತ್ತಾರೆ, ಮಕ್ಕಳ ಕೈಗೆ ದಿನಕ್ಕೆ ಎಷ್ಟು ಪೊಟ್ಟಣ ತಿನಿಸು ಹೋಗುತ್ತದೆ. ಡಬ್ಬಿಯ ಮುಚ್ಚಳ ನೀವಾಗಿ ತೆಗೆಯಬೇಡಿ. ಬರಿದಾದ ಡಬ್ಬಿಯನ್ನು ಹೊರಗಿನವರು ನೋಡಿದರೆಂದು ನಾಚಿಕೊಂಡವಳು ಪಾಠಕ್ಕೆ ಬರುವುದಿಲ್ಲ.

ಜಾಗ, ಹೊತ್ತು, ಸಾಮಾನು

ಹತ್ತರಿಂದ ಹನ್ನೆರಡು ಮಂದಿ ಸಾಕು. ಹದಿನೈದು ದಾಟಿದರೆ ಹಿಂದೆ ಕೂತವರಿಗೆ ಪಾತ್ರೆಯೊಳಗಿನದು ಕಾಣುವುದಿಲ್ಲ, ಅವರು ತಮ್ಮ ಮಾತಿಗೆ ಇಳಿಯುತ್ತಾರೆ. ಪಟ್ಟಣದ ಓಣಿಯಲ್ಲಿ ಮಧ್ಯಾಹ್ನ ಮೂರು ಗಂಟೆ ಒಳ್ಳೆಯದು. ಹಳ್ಳಿಯಲ್ಲಿ ಬಿತ್ತನೆ, ಹತ್ತಿ ಬಿಡಿಸುವುದು, ಬ್ಯಾಡಗಿ ಸೀಮೆಯ ಮೆಣಸಿನಕಾಯಿ ಬಿಡಿಸುವುದು ಇದ್ದಾಗ ಹಗಲು ಯಾರೂ ಸಿಗುವುದಿಲ್ಲ. ಆಗ ರಾತ್ರಿ ಊಟಕ್ಕೆ ಮೊದಲು, ಇಲ್ಲವೇ ಹೊಲದ ಕೆಲಸ ನಿಲ್ಲುವ ಅಮವಾಸ್ಯೆಯ ದಿನ ಇಡಿ. ಒಂದು ತಾಸಿನಲ್ಲಿ ಮುಗಿಸಿ.

ಅತ್ತೆಯಂದಿರನ್ನು ಕರೆಯದೆ ಪಾಠ ಶುರು ಮಾಡಬೇಡಿ. ಬೇಳೆ ಅಳೆದು ಕೊಡುವ ಕೈ ಬಹಳ ಮನೆಗಳಲ್ಲಿ ಅತ್ತೆಯದು. ಸೊಸೆಗೆ ಮಾತ್ರ ಕಲಿಸಿದರೆ ಅವಳು ಮನೆಗೆ ಹೋಗಿ ಬೈಸಿಕೊಳ್ಳುತ್ತಾಳೆ, ಅಷ್ಟೇ. ಅತ್ತೆಯರನ್ನು ಮುಂದೆ ಕೂಡಿಸಿ, ಪುಂಡಿ ಪಲ್ಲೆ ಹೇಗೆ ಮಾಡುತ್ತಿದ್ದರು, ಗುರೆಳ್ಳು ಹಿಂಡಿಗೆ ಏನೇನು ಹಾಕುತ್ತಿದ್ದರು ಎಂದು ಅವರ ಬಾಯಿಂದಲೇ ಹೇಳಿಸಿ. ಅರ್ಧ ಪಾಠ ಅವರೇ ಮಾಡುತ್ತಾರೆ.

ಬೇಕಾದದ್ದು: ಒಲೆ, ಎರಡು ಪಾತ್ರೆ, ಸಣ್ಣ ತಕ್ಕಡಿ, 250 ಮಿ.ಲೀ. ಹಿಡಿಯುವ ಒಂದು ವಾಟಿ, ಒಂದೇ ಅಳತೆಯ ಎರಡು ಗಾಜಿನ ಗ್ಲಾಸು, ಒಂದು ಹಿಡಿ ಹುಣಸೆಬೀಜ. ಅಕ್ಕಿ, ಕಾಳು, ತಪ್ಪಲನ್ನು ಬಂದವರೇ ಒಂದೊಂದು ಹಿಡಿ ತರಲಿ. ಓಣಿಯ ಅಂಗಡಿಯಲ್ಲಿ ಸಿಗದ ಒಂದೇ ಒಂದು ಸಾಮಾನನ್ನೂ ಪಾಠಕ್ಕೆ ತರಬೇಡಿ.

ಮೊದಲ ವಾರ: ಹಿಡಿಯಲ್ಲಿ ಎಷ್ಟು ಬೇಳೆ

ಐದು ಮಂದಿಯ ಸಾರಿಗೆ ಎಷ್ಟು ಬೇಳೆ ಹಾಕುತ್ತೀರಿ ಎಂದು ಕೇಳಿ, ಪ್ರತಿಯೊಬ್ಬರೂ ಹಿಡಿ ತುಂಬಿ ಗಂಗಾಳಕ್ಕೆ ಹಾಕಲಿ. ತೂಗಿ. ಒಂದು ಹಿಡಿ 40-60 ಗ್ರಾಂ ಬರುತ್ತದೆ. 50 ಎಂದು ಹಿಡಿದರೆ ತಲೆಗೆ 10 ಗ್ರಾಂ.

ಈಗ ಒಂದು ಪಾತ್ರೆಗೆ 50 ಗ್ರಾಂ, ಇನ್ನೊಂದಕ್ಕೆ 150 ಗ್ರಾಂ ತೊಗರಿ ಬೇಳೆ ಹಾಕಿ. ಎರಡಕ್ಕೂ ಒಂದೇ ಅಳತೆಯ ನೀರು, ಬೆಂದ ಮೇಲೆ ಐದು ಗ್ಲಾಸು ಸಾರು ಉಳಿಯುವಷ್ಟು. ಮೆತ್ತಗೆ ಬೇಯಿಸಿ, ಆದರೆ ಕಡೆಯಬೇಡಿ. ಚೆನ್ನಾಗಿ ತಿರುವಿ ಒಂದೊಂದು ಗಾಜಿನ ಗ್ಲಾಸಿಗೆ ಹಾಕಿ ಹತ್ತು ನಿಮಿಷ ಮುಟ್ಟದೆ ಇಡಿ. ಬೇಳೆ ಕೆಳಗೆ ಕೂಡುತ್ತದೆ. ಮೊದಲ ಗ್ಲಾಸಿನ ತಳದಲ್ಲಿ ಒಂದು ಬೆರಳಿನಷ್ಟು ಹಳದಿ, ಮೇಲೆ ಬರೀ ನೀರು. ಎರಡನೆಯದರಲ್ಲಿ ಅರ್ಧದ ಹತ್ತಿರಕ್ಕೆ ಬಂದಿರುತ್ತದೆ. ಸೌಟಿನಿಂದ ಮೇಲಿನದನ್ನು ಬಡಿಸಿಕೊಂಡವರಿಗೆ ಏನು ಸಿಕ್ಕಿತು, ತಳದ್ದು ಯಾರ ಪಾಲಿಗೆ ಹೋಯಿತು ಎಂದು ಗ್ಲಾಸು ತೋರಿಸಿಯೇ ಕೇಳಿ. ಈ ಹತ್ತು ನಿಮಿಷವನ್ನು ಮಾತಿನಿಂದ ತುಂಬಬೇಡಿ, ಅವರು ನೋಡಲಿ.

ಆಮೇಲೆ ಹುಣಸೆಬೀಜದ ಲೆಕ್ಕ. ಒಂದು ಬೀಜ ಎಂದರೆ ಒಂದು ಗ್ರಾಂ ಪ್ರೋಟೀನ್. ಮೈ ಕಟ್ಟುವ, ರಕ್ತ ಕಟ್ಟುವ, ಗಾಯ ಮಾಯಿಸುವ ಸಾಮಾನು ಎಂದು ಹೇಳಿದರೆ ಸಾಕು. ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಬೇಕು. ಅಂದರೆ 55 ಕೆ.ಜಿ. ತೂಗುವ ಹೆಣ್ಣುಮಗಳಿಗೆ 46 ಬೀಜ. ಅವಳು ದಿನವೆಲ್ಲ 350 ಗ್ರಾಂ ಅಕ್ಕಿಯ ಅನ್ನ ಉಂಡರೆ 28, ತಿಳಿ ಸಾರಿನ 10 ಗ್ರಾಂ ಬೇಳೆಯಿಂದ 2. ಮೂವತ್ತಕ್ಕೆ ನಿಂತಿತು. ಹದಿನಾರು ಬೀಜ ನೆಲದ ಮೇಲೆ ಉಳಿದವು. ಈಗ ಇನ್ನೊಂದು ಸಾಲು ಹಾಕಿ: ಮುಂಜಾನೆ 50 ಗ್ರಾಂ ಅಕ್ಕಿಯ ತಿನಿಸು 4, ಮಧ್ಯಾಹ್ನ 150 ಗ್ರಾಂ ಹಿಟ್ಟಿನ ಮೂರು ರೊಟ್ಟಿ 15, ರಾತ್ರಿ 100 ಗ್ರಾಂ ಅಕ್ಕಿಯ ಅನ್ನ 8, ದಿನಕ್ಕೆ 60 ಗ್ರಾಂ ಕಾಳು-ಬೇಳೆ 14, ಎರಡು ಚಮಚ ಶೇಂಗಾ ಹಿಂಡಿ 5. ಕೂಡಿಸಿದರೆ 46. ಬಸುರಿಗೆ ಕೊನೆಯ ಮೂರು ತಿಂಗಳು ಇದರ ಮೇಲೆ ಇನ್ನೂ 22 ಬೇಕು. ಅಕ್ಕಿ, ಜೋಳದಲ್ಲಿ ಕಡಿಮೆ ಇರುವ ಅಂಶ ಕಾಳಿನಲ್ಲಿ ಹೆಚ್ಚಿರುತ್ತದೆ, ಆದ್ದರಿಂದ ಎರಡೂ ಒಂದೇ ದಿನದ ಊಟದಲ್ಲಿ ಕೂಡಬೇಕು.

ಇಲ್ಲಿ ಒಬ್ಬರಾದರೂ "ಬ್ಯಾಳಿ ತುಟ್ಟಿ ಐತ್ರಿ" ಅನ್ನುತ್ತಾರೆ. ನಿಜವನ್ನೇ ಹೇಳುತ್ತಿದ್ದಾರೆ, ವಾದ ಮಾಡಬೇಡಿ. ಮೂವರು ದೊಡ್ಡವರು, ಇಬ್ಬರು ಮಕ್ಕಳ ಮನೆಗೆ ದಿನಕ್ಕೆ ಸುಮಾರು ಕಾಲು ಕಿಲೋ, ತಿಂಗಳಿಗೆ ಏಳೂವರೆ ಕಿಲೋ ಕಾಳು-ಬೇಳೆ ಬೇಕು. ಎರಡು ಕಿಲೋ ತರುವ ಮನೆಗೆ ಏಳೂವರೆ ಹೇಳಿದರೆ ಅವರು ಎದ್ದು ಹೋಗುತ್ತಾರೆ. ಮೊದಲ ತಿಂಗಳು ನಾಲ್ಕಕ್ಕೆ ಏರಿಸುವುದನ್ನು ಕೇಳಿ. ದಾರಿಗಳಿವೆ. ತೊಗರಿ ಬೇಳೆಯೊಂದನ್ನೇ ನಂಬದೆ ಹುರುಳಿ, ಮಡಕೆ ಕಾಳು, ಅಲಸಂದಿ, ಕಡಲೆಯಲ್ಲಿ ಆ ವಾರ ಯಾವುದು ಅಗ್ಗವೋ ಅದನ್ನು ತರುವುದು. ಸಂಘದ ಹತ್ತು ಮನೆ ಸೇರಿ ಸುಗ್ಗಿಯಲ್ಲಿ ಒಂದು ಚೀಲ ಕೊಳ್ಳುವುದು. ಗದಗ, ಧಾರವಾಡ ಸೀಮೆಯಲ್ಲಿ ಮುಂಗಾರಿ ಹೆಸರು ಆಗಸ್ಟ್-ಸೆಪ್ಟೆಂಬರಿಗೆ ಬರುತ್ತದೆ, ಹಿಂಗಾರಿ ಕಡಲೆ ಫೆಬ್ರುವರಿ-ಮಾರ್ಚಿಗೆ. ಚೀಲ ತಂದ ಮೇಲೆ ಎರಡು ದಿನ ಖಡಕ್ ಬಿಸಿಲಿಗೆ ಹರವಿ, ಕಿಲೋಗೆ ಒಂದು ಚಹಾ ಚಮಚದಷ್ಟು ಔಡಲ ಎಣ್ಣೆ ಸವರಿ ಗಾಳಿಯಾಡದ ಡಬ್ಬಿಗೆ ಹಾಕಬೇಕು. ಇಷ್ಟು ಮಾಡದಿದ್ದರೆ ಹೆಸರಿಗೆ ಬೇಗ ಹುಳ ಬಿದ್ದು ತೂತಾಗುತ್ತದೆ. ಅಡುಗೆಗೆ ಮೊದಲು ಬಿಸಿನೀರಿನಲ್ಲಿ ತೊಳೆದರೆ ಎಣ್ಣೆಯ ವಾಸನೆ ಹೋಗುತ್ತದೆ.

ಮತ್ತೊಂದು ದಾರಿ ಪೊಟ್ಟಣದ ಲೆಕ್ಕ. ಐದು ರೂಪಾಯಿ ಪೊಟ್ಟಣ, ಇಬ್ಬರು ಮಕ್ಕಳು, ದಿನಕ್ಕೆರಡು ಸಲ: ದಿನಕ್ಕೆ 20, ತಿಂಗಳಿಗೆ 600 ರೂಪಾಯಿ. ಆ ದುಡ್ಡಿಗೆ ಅವತ್ತಿನ ದರದಲ್ಲಿ ಎಷ್ಟು ಕಿಲೋ ಹೆಸರು ಬರುತ್ತದೆ ಎಂದು ಅವರೇ ಬಾಯಿಲೆಕ್ಕ ಹಾಕಲಿ. ನೀವು ಉತ್ತರ ಹೇಳಬೇಡಿ. ಪೊಟ್ಟಣ ಪೂರ್ತಿ ನಿಲ್ಲಿಸಿ ಎಂದೂ ಹೇಳಬೇಡಿ, ಅಳುವ ಕೂಸನ್ನು ಎತ್ತಿಕೊಂಡು ಕೆಲಸಕ್ಕೆ ಹೊರಟವಳ ಕಷ್ಟ ಬೇರೆ. ಎರಡರಲ್ಲಿ ಒಂದನ್ನು ಪುಟಾಣಿ (ಹುರಿಗಡಲೆ)-ಬೆಲ್ಲಕ್ಕೆ ಬದಲಿಸಿದರೂ 300 ರೂಪಾಯಿಯ ದೊಡ್ಡ ಪಾಲು ಉಳಿಯಿತು. ಪುಟಾಣಿ ಕೊಡುವುದು ದೊಡ್ಡ ಮಕ್ಕಳಿಗೆ ಮಾತ್ರ. ಸಣ್ಣವರಿಗೆ ಗಂಟಲಿಗೆ ಸಿಕ್ಕುತ್ತದೆ, ಪುಡಿ ಮಾಡಿ ಕೊಡಬೇಕು.

ಮನೆಗೆ ಹೋಗಿ ಮಾಡುವ ಕೆಲಸ ಒಂದೇ: ಬೇಳೆ ಒಂದು ಹಿಡಿಯಿಂದ ಎರಡು ಹಿಡಿಯಾಗಬೇಕು. ಸಾರಿಗೆ ಹಾಕಲು ಮನಸ್ಸಾಗದವರು ವಾರಕ್ಕೆರಡು ಸಲ ಖಾರ ಹುಗ್ಗಿ ಮಾಡಲಿ, ಎರಡು ವಾಟಿ ರೇಷನ್ ಅಕ್ಕಿಗೆ ಒಂದು ವಾಟಿ ಹೆಸರು ಬೇಳೆ. ಒಂದೇ ಪಾತ್ರೆ, ಒಂದೇ ಒಲೆ, ರೊಟ್ಟಿ ಬಡಿಯುವ ಹೊತ್ತೂ ಬೇಡ.

ಎರಡನೆಯ ವಾರ: ಮೊಳಕೆ ಮತ್ತು ಹಿಂಡಿ

ಮೊಳಕೆ ಕಟ್ಟುವುದು ಎಲ್ಲರಿಗೂ ಗೊತ್ತು, ಕೆಡುವುದೂ ಎಲ್ಲರ ಮನೆಯಲ್ಲಿ ಆಗುತ್ತದೆ. ಕೆಡಲು ಕಾರಣ ನೀರು. 250 ಗ್ರಾಂ ಹೆಸರು ಅಥವಾ ಮಡಕೆ ಕಾಳನ್ನು ಮೂರು ನೀರಲ್ಲಿ ತೊಳೆದು ಎಂಟು ತಾಸು ನೆನೆ ಹಾಕಿ. ಬಸಿದ ಮೇಲೆ ಜರಡಿಯಲ್ಲಿ ಕಾಲು ತಾಸು ಬಿಟ್ಟು ಹನಿ ನಿಂತ ಬಳಿಕವೇ ಬಟ್ಟೆಗೆ ಕಟ್ಟಬೇಕು. ತೊಟ್ಟಿಕ್ಕುವ ಕಾಳನ್ನು ಕಟ್ಟಿದರೆ ನಡುವಿನದು ಲೋಳೆಯಾಗುತ್ತದೆ. ಗಂಟನ್ನು ಡಬ್ಬಿಯಲ್ಲಿ ಮುಚ್ಚಬೇಡಿ, ತೂಗುಹಾಕಿ. ಬೇಸಿಗೆಯಲ್ಲಿ ಹತ್ತು-ಹನ್ನೆರಡು ತಾಸಿಗೆ ಮೊಳಕೆ ಒಡೆಯುತ್ತದೆ, ನಡುವೆ ಒಮ್ಮೆ ಬಿಚ್ಚಿ ತಣ್ಣೀರಲ್ಲಿ ಅಲುಬಿ ಮತ್ತೆ ಕಟ್ಟದಿದ್ದರೆ ಹುಳಿ ವಾಸನೆ ಬರುತ್ತದೆ. ಡಿಸೆಂಬರಿನ ಚಳಿಗೆ ಒಂದು ದಿನ ಪೂರ್ತಿ ಹಿಡಿಯಬಹುದು, ಆಗ ಒಲೆಯ ಹತ್ತಿರದ ಗೂಟಕ್ಕೆ ಹಾಕಿ. ಮೊಳಕೆ ಅರ್ಧ ಬೆರಳಗಲಕ್ಕೆ ಬಂದರೆ ಸಾಕು. ಲಾಭ ಎರಡು: ಕಾಳಿನಲ್ಲಿ ಕಬ್ಬಿಣದ ಅಂಶವನ್ನು ಮೈಗೆ ಹತ್ತದಂತೆ ಹಿಡಿದಿಟ್ಟುಕೊಳ್ಳುವ ಗುಣ ತಗ್ಗುತ್ತದೆ, ಸಿ ಜೀವಸತ್ವ ಹುಟ್ಟುತ್ತದೆ. ಬೇಯಿಸಿಯೇ ತಿನ್ನಬೇಕು, ಅದರಲ್ಲೂ ಬಸುರಿಯರು, ಮಕ್ಕಳು.

ಹಿಂಡಿ ನಮ್ಮ ಊಟದ ದೊಡ್ಡ ಆಸ್ತಿ. ವಾರಕ್ಕೊಮ್ಮೆ ಕುಟ್ಟಿಟ್ಟರೆ ದಿನದ ಗಡಿಬಿಡಿಯಲ್ಲಿ ಡಬ್ಬಿ ತೆಗೆದು ಹಾಕಿಕೊಳ್ಳುವುದಷ್ಟೇ ಕೆಲಸ. ಐದು ಮಂದಿಗೆ ವಾರಕ್ಕೆ ಸುಮಾರು 560 ಗ್ರಾಂ ಬೇಕಾಗುತ್ತದೆ: ದೊಡ್ಡವರಿಗೆ ಎರಡು ಚಮಚ, ಮಕ್ಕಳಿಗೆ ಒಂದು. ಶೇಂಗಾ ಅಷ್ಟು ಕೊಳ್ಳಲು ಆಗದಿದ್ದರೆ 350 ಗ್ರಾಂ ಶೇಂಗಾ, 200 ಗ್ರಾಂ ಅಗಸಿ (ಅಗಸೆ ಬೀಜ) ಮಾಡಿ. ಸಣ್ಣ ಉರಿಯಲ್ಲಿ ಬೇರೆ ಬೇರೆ ಹುರಿಯಿರಿ. ಶೇಂಗಾ ಸಿಪ್ಪೆ ಬಿಡುವ ತನಕ, ಅಗಸಿ ಚಟಪಟ ಸಿಡಿಯುವ ತನಕ. ಹದಿನೈದು ಎಸಳು ಬೆಳ್ಳುಳ್ಳಿ, ಮೂರು ಚಮಚ ಒಣಮೆಣಸಿನ ಪುಡಿ, ಒಂದು ಚಮಚ ಜೀರಿಗೆ, ಎರಡು ಚಮಚ ಉಪ್ಪು. ಪೂರ್ತಿ ಆರಿದ ಮೇಲೆ ತರಿಯಾಗಿ ಕುಟ್ಟಿ. ಬಿಸಿ ಇದ್ದಾಗ ಮಿಕ್ಸರಿಗೆ ಹಾಕಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ, ಬೇಗ ಕಮಟು ಹಿಡಿಯುತ್ತದೆ. ಅಗಸಿಯನ್ನು ಇಡಿಯಾಗಿ ತಿಂದರೆ ಹಾಗೆಯೇ ಹೊರಗೆ ಹೋಗುತ್ತದೆ, ಕುಟ್ಟಲೇಬೇಕು. ಅಗಸಿ ಬೆರೆತ ಹಿಂಡಿಯನ್ನು ಹತ್ತು-ಹದಿನೈದು ದಿನದೊಳಗೆ ಮುಗಿಸಿ.

ಒಂದು ಮಾತನ್ನು ಗಟ್ಟಿಯಾಗಿ ಹೇಳಿ: ಬೂಸಲು ಹಿಡಿದ, ಕಪ್ಪಾದ, ಮುದುಡಿದ ಶೇಂಗಾ ಅಗ್ಗಕ್ಕೆ ಸಿಕ್ಕರೂ ಬೇಡ. ಅದರಲ್ಲಿ ಪಿತ್ತಜನಕಾಂಗಕ್ಕೆ (ಲಿವರ್) ಕೆಡುಕು ಮಾಡುವ ವಿಷ ಕೂಡುತ್ತದೆ, ಹುರಿದರೂ ಪೂರ್ತಿ ಹೋಗುವುದಿಲ್ಲ.

ಮೂರನೆಯ ವಾರ: ತಪ್ಪಲು, ಲಿಂಬೆ, ಚಹಾ, ಗುಳಿಗೆ

ಈ ವಾರದ ವಿಷಯ ರಕ್ತ. ಮೆಟ್ಟಿಲು ಹತ್ತಿದರೆ ಏದುಸಿರು, ಕಣ್ಣಿನ ಕೆಳರೆಪ್ಪೆ ಬಿಳಿಚು, ಕೂತರೆ ಏಳಲು ಮನಸ್ಸಿಲ್ಲ. ಬಹಳ ಹೆಣ್ಣುಮಕ್ಕಳು ಇದನ್ನು ಕೆಲಸದ ದಣಿವು ಎಂದೇ ತಿಳಿದಿರುತ್ತಾರೆ. ಹಿಮೋಗ್ಲೋಬಿನ್ 12ಕ್ಕಿಂತ, ಬಸುರಿಯರಲ್ಲಿ 11ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. 7ಕ್ಕಿಂತ ಕೆಳಗಿದ್ದರೆ ಪಾಠ, ಪಲ್ಲೆ ಎರಡನ್ನೂ ಬಿಟ್ಟು ಅಂದೇ ಆಸ್ಪತ್ರೆಗೆ ಕಳಿಸಿ.

ತಪ್ಪಲಿಗೆ ಈ ಸೀಮೆಯಲ್ಲಿ ಬರವಿಲ್ಲ. ಮಳೆಗಾಲಕ್ಕೆ ಪುಂಡಿ, ರಾಜಗಿರಿ, ಕಿರಕಸಾಲಿ. ಹಿಂಗಾರಿಗೆ ಹೊಲದ ಕಡಲೆ ತಪ್ಪಲು, ಕುಸುಬಿ, ಹಕ್ಕರಕಿ, ಮೆಂತೆ. ಕಡಲೆ ಗಿಡದ ತುದಿ ಚಿವುಟಿದರೆ ಗಿಡ ಟಿಸಿಲೊಡೆಯುತ್ತದೆ, ಆದ್ದರಿಂದ ಕೂಲಿಗೆ ಹೋದ ಹೊಲದಲ್ಲಿ ಕೇಳಿದರೆ ಯಾರೂ ಬೇಡವೆನ್ನುವುದಿಲ್ಲ. ಬೇಸಿಗೆಗೆ ನುಗ್ಗೆ. ನೂರು ಗ್ರಾಂ ನುಗ್ಗೆ ತಪ್ಪಲಿನಲ್ಲಿ ಸುಮಾರು 300 ಮಿ.ಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ಹಾಲಿನಲ್ಲಿ 120ರ ಆಸುಪಾಸು. ಕಹಿ ಎಂದು ಮಕ್ಕಳು ಮುಟ್ಟದಿದ್ದರೆ ಎಳೆಯ ಎಲೆಯನ್ನೇ ಬಿಡಿಸಿ, ಸಣ್ಣಗೆ ಹೆಚ್ಚಿ ಝುಣಕಕ್ಕೆ ಅಥವಾ ರೊಟ್ಟಿ ಹಿಟ್ಟಿಗೆ ಒಂದು ಹಿಡಿ ಕಲಸಿ. ಸಂಜೆ ಸಂತೆ ಏಳುವ ಹೊತ್ತಿಗೆ ಸಿವುಡಿನ ದರ ಇಳಿಯುತ್ತದೆ. ಬಾಡಿದ್ದನ್ನು ತರಬಹುದು, ಕೊಳೆತದ್ದನ್ನಲ್ಲ. ಜಾಗ ಇರುವವರು ಎರಡು ಸಿಮೆಂಟಿನ ಖಾಲಿ ಚೀಲಕ್ಕೆ ಮಣ್ಣು ತುಂಬಿ ರಾಜಗಿರಿ, ಮೆಂತೆ ಚೆಲ್ಲಲಿ, ಪಾತ್ರೆ-ಕಾಳು ತೊಳೆದ ನೀರು ಸಾಕು.

ಅಡುಗೆಯಲ್ಲಿ ಆಗುವ ನಷ್ಟ ಮೂರು. ಹೆಚ್ಚಿ ಆಮೇಲೆ ತೊಳೆಯುವುದು, ಬೇಯಿಸಿದ ನೀರು ಚೆಲ್ಲುವುದು, ಹಸಿರು ಉಳಿಯಲೆಂದು ಅಡುಗೆ ಸೋಡಾ ಹಾಕುವುದು. ಮೂರನ್ನೂ ಬಿಡಿಸಿ.

ತಪ್ಪಲು, ಕಾಳಿನಲ್ಲಿರುವ ಕಬ್ಬಿಣ ಮೈಗೆ ಹತ್ತುವುದು ಸ್ವಲ್ಪವೇ. ಹುಳಿ ಹಣ್ಣಿನ ಸಿ ಜೀವಸತ್ವ ಜೊತೆಗಿದ್ದರೆ ಹೆಚ್ಚು ಹತ್ತುತ್ತದೆ. ಅರ್ಧ ಲಿಂಬೆಯನ್ನು ಪಲ್ಲೆ ಒಲೆಯಿಂದ ಇಳಿಸಿದ ಮೇಲೆ ಹಿಂಡಬೇಕು, ಕುದಿಯುವಾಗ ಹಿಂಡಿದರೆ ಸತ್ವ ಸುಟ್ಟು ಹೋಗುತ್ತದೆ. ಬೇಸಿಗೆಯಲ್ಲಿ ಲಿಂಬೆ ತುಟ್ಟಿಯಾದಾಗ ಹಸಿ ಮಾವಿನಕಾಯಿಯ ಎರಡು ಹೋಳು, ಚಳಿಗಾಲಕ್ಕೆ ನೆಲ್ಲಿಕಾಯಿ ಅಥವಾ ಧಾರವಾಡದ ಪೇರಲ. ಚಹಾ ಇದಕ್ಕೆ ನೇರ ವಿರೋಧಿ, ಅದರ ಒಗರು ಕಬ್ಬಿಣವನ್ನು ಹಿಡಿದು ಹೊರಗೆ ಹಾಕುತ್ತದೆ. ಚಹಾ ಬಿಡಿ ಎಂದರೆ ಯಾರೂ ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಊಟಕ್ಕೆ ಒಂದು ತಾಸು ಮೊದಲು, ಒಂದು ತಾಸು ಆಮೇಲೆ ಕುಡಿಯಬಾರದು. ಮಧ್ಯಾಹ್ನ ಉಂಡು ಕೈ ತೊಳೆದ ಕೂಡಲೆ ಕುಡಿಯುವ ಚಹಾವನ್ನು ನಾಲ್ಕು ಗಂಟೆಗೆ ಒಯ್ಯುವುದು, ಇಷ್ಟೇ ಬದಲಾವಣೆ.

ಆದರೆ ಇಳಿದ ರಕ್ತವನ್ನು ಪಲ್ಲೆಯೊಂದರಿಂದಲೇ ಏರಿಸಲು ಆಗುವುದಿಲ್ಲ. ಬಸುರಿಗೆ ನಾಲ್ಕನೆಯ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ಮೇಲೆ ಮತ್ತೆ 180 ದಿನ ಕಬ್ಬಿಣದ ಗುಳಿಗೆ ಸರ್ಕಾರವೇ ಪುಕ್ಕಟೆ ಕೊಡುತ್ತದೆ. ಗುಳಿಗೆ ಮನೆಯಲ್ಲಿರುತ್ತದೆ, ಹೊಟ್ಟೆಗೆ ಹೋಗಿರುವುದಿಲ್ಲ. ವಾಕರಿಕೆ ಬರುತ್ತದೆ, ಮಲ ಕಪ್ಪಗಾಗುತ್ತದೆ ಎಂದು ಹೆದರಿ ನಿಲ್ಲಿಸಿರುತ್ತಾರೆ. ಕಪ್ಪು ಮಲ ಗುಳಿಗೆಯ ಗುಣ, ರೋಗವಲ್ಲ. ವಾಕರಿಕೆಗೆ ರಾತ್ರಿ ಊಟವಾದ ಮೇಲೆ ಮಲಗುವ ಮುಂದೆ ನುಂಗಬೇಕು. ಕ್ಯಾಲ್ಸಿಯಂ ಗುಳಿಗೆಯನ್ನು ಇದರ ಜೊತೆ ನುಂಗಿದರೆ ಒಂದನ್ನೊಂದು ಕೆಡಿಸುತ್ತವೆ, ನಡುವೆ ಎರಡು ತಾಸಾದರೂ ಇರಲಿ. ಗುಳಿಗೆ ಹಾಳೆಯನ್ನು ಪಾಠಕ್ಕೆ ತರಿಸಿ, ಖಾಲಿಯಾದ ಗುಳಿಗಳನ್ನು ಎಣಿಸಿ, ಬೈಯದೆ.

ಬಡಿಸುವ ಕ್ರಮವನ್ನು ಈ ವಾರವೇ ಎತ್ತಬೇಕು. "ಸೊಸಿಗೆ ಮೊದಲ ಬಡಸ್ರಿ" ಎಂದರೆ ಅತ್ತೆಯರು ಮುಖ ತಿರುಗಿಸುತ್ತಾರೆ. ಅದಕ್ಕಿಂತ ಸುಲಭದ ದಾರಿ: ಅಡುಗೆ ಇಳಿಸಿದ ಕೂಡಲೆ ಬಸುರಿ ಅಥವಾ ಬಾಣಂತಿಯ ಪಾಲಿನ ಕಾಳು, ತಪ್ಪಲನ್ನು ಮುಚ್ಚಳದ ಡಬ್ಬಿಗೆ ತೆಗೆದಿಡುವುದು. ಆಮೇಲೆ ಅವಳು ಎಲ್ಲರಿಗಿಂತ ಹಿಂದೆ ಉಂಡರೂ ಪಾಲು ಉಳಿದಿರುತ್ತದೆ. ಆ ಡಬ್ಬಿ ತೆಗೆದಿಡುವ ಕೆಲಸವನ್ನು ಅತ್ತೆಯ ಕೈಗೇ ಕೊಡಿ.

ನಾಲ್ಕನೆಯ ವಾರ: ಆರು ತಿಂಗಳಿಂದ ಎರಡು ವರ್ಷ

ಆರು ತಿಂಗಳ ತನಕ ಎದೆಹಾಲೊಂದೇ, ನೀರೂ ಬೇಡ. ಆರು ತುಂಬಿದ ದಿನದಿಂದ ಮೇಲಿನ ಊಟ. ಕೂಸಿಗೆ ಅಕ್ಕಿ ಗಂಜಿಯ ತಿಳಿ, ಬೇಳೆಯ ಕಟ್ಟು ಕುಡಿಸುವುದು ಇಲ್ಲಿನ ದೊಡ್ಡ ತಪ್ಪು. ನೀರು ಹೊಟ್ಟೆ ತುಂಬುತ್ತದೆ, ಕೂಸು ಬೆಳೆಯುವುದಿಲ್ಲ. ಪರೀಕ್ಷೆ ಹೀಗೆ: ಚಮಚದಲ್ಲಿ ತೆಗೆದು ಓರೆ ಮಾಡಿದರೆ ಊಟ ಚಮಚಕ್ಕೆ ಅಂಟಿ ನಿಲ್ಲಬೇಕು. ಸುರಿದು ಹೋದರೆ ತಿಳಿಯಾಯಿತು. ಎಲ್ಲರೂ ತಮ್ಮ ಕೈಯಿಂದ ಚಮಚ ಓರೆ ಮಾಡಿ ನೋಡಲಿ.

ಅಳತೆ: ಆರರಿಂದ ಎಂಟು ತಿಂಗಳಿಗೆ ದಿನಕ್ಕೆ ಎರಡು-ಮೂರು ಸಲ, ಎರಡು-ಮೂರು ಚಮಚದಿಂದ ಶುರು ಮಾಡಿ ಅರ್ಧ ವಾಟಿಯ ತನಕ. ಒಂಬತ್ತರಿಂದ ಹನ್ನೊಂದಕ್ಕೆ ಮೂರು-ನಾಲ್ಕು ಸಲ ಅರ್ಧ ವಾಟಿ. ವರ್ಷ ತುಂಬಿದ ಮೇಲೆ ಮುಕ್ಕಾಲು ವಾಟಿಯಿಂದ ಒಂದು ವಾಟಿ, ನಡುವೆ ಒಂದೆರಡು ಸಲ ತಿನಿಸು. ಎದೆಹಾಲು ಎರಡು ವರ್ಷ ಮತ್ತು ಅದರಾಚೆಗೂ.

ಹುರಿದ ಹಿಟ್ಟು ಕೆಲಸಕ್ಕೆ ಹೋಗುವ ತಾಯಿಗೆ ಬಹಳ ನೆರವು. ರಾಗಿ ಅಥವಾ ಗೋಧಿ 300 ಗ್ರಾಂ, ಹೆಸರು ಬೇಳೆ 100, ಶೇಂಗಾ 50. ಬೇರೆ ಬೇರೆ ಹುರಿದು, ಆರಿಸಿ, ಒಟ್ಟಿಗೆ ನುಣ್ಣಗೆ ಬೀಸಬೇಕು. ಶೇಂಗಾ ಇರುವುದರಿಂದ ಹದಿನೈದು ದಿನಕ್ಕಿಂತ ಹೆಚ್ಚು ಇಡಬಾರದು. ಒಂದು ಸಲಕ್ಕೆ ಮೂರು ದೊಡ್ಡ ಚಮಚ, ತಣ್ಣೀರಲ್ಲಿ ಗಂಟಿಲ್ಲದೆ ಕಲಸಿ ಐದಾರು ನಿಮಿಷ ಕುದಿಸಿ, ಇಳಿಸಿ ಅರ್ಧ ಚಮಚ ತುಪ್ಪ ಅಥವಾ ಎಣ್ಣೆ. ಗಟ್ಟಿಯಾಗಿ ಕೂಸು ನುಂಗದಿದ್ದರೆ ನೀರು ಹಾಕಬೇಡಿ. ರಾಗಿ ಅಥವಾ ಗೋಧಿಯನ್ನು ಮೊಳಕೆ ಬರಿಸಿ ಒಣಗಿಸಿ ಬೀಸಿದ ಹಿಟ್ಟು ಒಂದು ಚಹಾ ಚಮಚವನ್ನು ಬಿಸಿ ಅಂಬಲಿಗೆ ಹಾಕಿ ತಿರುವಿ, ಕಣ್ಣೆದುರೇ ತೆಳುವಾಗುತ್ತದೆ, ಒಳಗಿನ ಕಸುವು ಹಾಗೆಯೇ ಉಳಿಯುತ್ತದೆ. ಆ ಮೇಲೆ ಒಂದು ಕುದಿ ಬರಿಸಿ ಇಳಿಸಿ. ಜೋಳದ ಮೊಳಕೆಯನ್ನು ಮಾತ್ರ ಇದಕ್ಕೆ ಬಳಸಬೇಡಿ. ಎಳೆ ಜೋಳ ಮೇದು ದನ ಸಾಯುವುದು ರೈತರಿಗೆ ಗೊತ್ತು, ಅದೇ ವಿಷ ಜೋಳದ ಮೊಳಕೆಯಲ್ಲೂ ಇರುತ್ತದೆ.

ವರ್ಷ ತುಂಬುವ ತನಕ ಉಪ್ಪು, ಸಕ್ಕರೆ, ಜೇನು ಬೇಡ. ಇಡಿ ಶೇಂಗಾ, ಇಡಿ ಕಾಳು ಐದು ವರ್ಷದ ತನಕ ಬೇಡ. ತತ್ತಿ ತಿನ್ನುವ ಮನೆಗಳಲ್ಲಿ ಬೇಯಿಸಿದ ತತ್ತಿ ಮಕ್ಕಳಿಗೆ ಬಹಳ ಒಳ್ಳೆಯದು, ಒಂದರಲ್ಲಿ ಆರು ಗ್ರಾಂ ಪ್ರೋಟೀನ್. ತಿನ್ನದ ಮನೆಗಳಿಗೆ ಒತ್ತಾಯ ಮಾಡಬೇಡಿ, ಒಂದು ಗ್ಲಾಸು ಹಾಲು ಮತ್ತು ದಪ್ಪ ಬೇಳೆಯ ದಾರಿ ತೋರಿಸಿ.

ತೋಳಿನ ಸುತ್ತಳತೆಯ ಪಟ್ಟಿ ಅಂಗನವಾಡಿಯಲ್ಲಿರುತ್ತದೆ. ಆರು ತಿಂಗಳಿಂದ ಐದು ವರ್ಷದ ಮಗುವಿನ ತೋಳು 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಕೆಂಪು. ಎರಡೂ ಪಾದದ ಮೇಲೆ ಹೆಬ್ಬೆರಳು ಒತ್ತಿ ಬಿಟ್ಟಾಗ ಗುಳಿ ಉಳಿದರೂ ಅಷ್ಟೇ ಅಪಾಯ. ಅಂಥ ಕೂಸನ್ನು ಅಂದೇ ಆಸ್ಪತ್ರೆಗೆ ಕಳಿಸಬೇಕು. ಪೌಷ್ಟಿಕ ಪುನಶ್ಚೇತನ ಕೇಂದ್ರಗಳು ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಗಳಲ್ಲಿ ಇವೆ. 11.5ರಿಂದ 12.5 ಹಳದಿ, ಊಟ ಹೆಚ್ಚಿಸಿ ಮತ್ತೆ ಮತ್ತೆ ಅಳೆಯಿರಿ.

ಸರ್ಕಾರದಿಂದ ಬರುವುದನ್ನು ಹೊಟ್ಟೆಗೆ ಮುಟ್ಟಿಸುವುದು

ರೇಷನ್ ಅಕ್ಕಿಯಲ್ಲಿ ಬಣ್ಣ, ಆಕಾರ ಸ್ವಲ್ಪ ಬೇರೆ ಇರುವ ಕಾಳು ಸಿಕ್ಕರೆ ಜನ "ಪ್ಲಾಸ್ಟಿಕ್ ಅಕ್ಕಿ" ಎಂದು ಆರಿಸಿ ಎಸೆಯುತ್ತಾರೆ, ನೀರಲ್ಲಿ ತೇಲಿದರೆ ಬಸಿದು ಚೆಲ್ಲುತ್ತಾರೆ. ಅದು ಸಾರವರ್ಧಿತ ಅಕ್ಕಿ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿ ಕಾಳಿನ ರೂಪಕ್ಕೆ ತಂದು ನೂರು ಅಕ್ಕಿಗೆ ಒಂದರಂತೆ ಸೇರಿಸಿರುತ್ತಾರೆ. ಪಾಠದಲ್ಲಿಯೇ ಆ ಕಾಳನ್ನಷ್ಟೇ ಆರಿಸಿ ಬೇಯಿಸಿ ತೋರಿಸಿ, ಮೆತ್ತಗಾಗುತ್ತದೆ. ಒಂದೆರಡು ಸಲಕ್ಕಿಂತ ಹೆಚ್ಚು ತೊಳೆಯಬಾರದು, ಗಂಜಿ ಬಸಿಯಬಾರದು. ಥಲಸ್ಸೀಮಿಯಾ (ಹುಟ್ಟಿನಿಂದ ಬರುವ ಒಂದು ರಕ್ತದ ರೋಗ) ಇರುವವರು ಮಾತ್ರ ವೈದ್ಯರನ್ನು ಕೇಳಬೇಕು.

2017ರಿಂದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಇದೆ. ಮಕ್ಕಳಿಗೆ ಮನೆಗೆ ಕೊಡುವ ಪೌಷ್ಟಿಕ ಹಿಟ್ಟನ್ನು ಬಹಳ ಮನೆಗಳಲ್ಲಿ ಎಲ್ಲರೂ ಹಂಚಿಕೊಳ್ಳುತ್ತಾರೆ ಇಲ್ಲವೇ ಮೂಲೆಗೆ ಇಡುತ್ತಾರೆ. ರುಚಿ ಹಿಡಿಸದಿರುವುದು ಕಾರಣವಾದರೆ ಬೆಲ್ಲದ ಪಾಕಕ್ಕೆ ಹಾಕಿ ಉಂಡೆ ಕಟ್ಟಿ ತೋರಿಸಿ. ವರ್ಷಕ್ಕೆರಡು ಸಲ ಕೊಡುವ ಜಂತುಹುಳದ ಗುಳಿಗೆಯನ್ನು ತಪ್ಪಿಸಬೇಡಿ, ಒಂದರಿಂದ ಎರಡು ವರ್ಷದವರಿಗೆ ಅರ್ಧ, ಪುಡಿ ಮಾಡಿ. ಗೋವಾ, ಮಂಗಳೂರಿನ ಕಡೆ ದುಡಿಯಲು ಹೋಗುವ ಕುಟುಂಬಗಳು ಆಧಾರ್ ಜೋಡಿಸಿದ ರೇಷನ್ ಕಾರ್ಡ್ ಒಯ್ದರೆ ಹೋದಲ್ಲಿಯೂ ಕೇಂದ್ರದ ಪಾಲಿನ ಧಾನ್ಯ ಪಡೆಯಬಹುದು. ತಾಯಿ ಕಾರ್ಡನ್ನೂ ಜೊತೆಗೇ ಒಯ್ಯಲಿ.

ಆಮೇಲಿನ ಭೇಟಿ

ಪಾಠ ಮುಗಿದ ಹದಿನೈದು ದಿನಕ್ಕೆ, ಆಮೇಲೆ ತಿಂಗಳಿಗೆ, ಅಡುಗೆ ಇಳಿಸುವ ಹೊತ್ತಿಗೆ ಮನೆಗೆ ಹೋಗಿ. "ಕಲಿತದ್ದು ನೆನಪೈತೇನು?" ಎಂದು ಕೇಳಿ ಉಪಯೋಗವಿಲ್ಲ. ಸಾರಿನ ಪಾತ್ರೆಗೆ ಸೌಟು ಅದ್ದಿ ಎತ್ತಿಸಿ ನೋಡಿ, ತೆಗೆದಿಟ್ಟ ಡಬ್ಬಿ ಎಲ್ಲಿ ಎಂದು ಕೇಳಿ, ಗುಳಿಗೆ ಎಣಿಸಿ, ಕೂಸಿನ ತೋಳು ಅಳೆಯಿರಿ. ನಾಲ್ಕರಲ್ಲಿ ಎರಡು ನಡೆಯುತ್ತಿದ್ದರೆ ಒಳ್ಳೆಯ ಫಲ. ಯಾವುದೂ ನಡೆಯದ ಮನೆಯಲ್ಲಿ ಕಾರಣ ಸಾಮಾನ್ಯವಾಗಿ ಸಾಲ, ಕುಡಿತ ಅಥವಾ ಕೆಲಸ ಇಲ್ಲದಿರುವುದು. ಆ ಮನೆಗೆ ಇನ್ನೊಂದು ಪಾಠ ಬೇಡ. ರೇಷನ್ ಕಾರ್ಡ್ ಸರಿಯಿದೆಯೇ, ಬಸುರಿ ಅಂಗನವಾಡಿ ಊಟಕ್ಕೆ ಹೋಗುತ್ತಿದ್ದಾಳೆಯೇ, ಸಂಘದ ಕಾಳಿನ ಚೀಲದಲ್ಲಿ ಎರಡು ಕಿಲೋ ಕಡ ಕೊಡಬಹುದೇ ಎಂದು ನೋಡಿ. ಮುಂದಿನ ಓಣಿಯ ಪಾಠಕ್ಕೆ ಗ್ಲಾಸು, ತಕ್ಕಡಿ, ಹುಣಸೆಬೀಜದ ಚೀಲವನ್ನು ಈ ಓಣಿಯ ಒಬ್ಬ ಅತ್ತೆ, ಒಬ್ಬ ಸೊಸೆಯ ಕೈಗೆ ಕೊಟ್ಟು ಕಳಿಸಿ, ನೀವು ಹಿಂದೆ ಕೂಡಿ.